ಖರಾಬು, ನಾಲ್ಕು ಗುಂಟೆ

ಸಕಲೇಶಪುರದ ಪ್ಲಾಂಟರ್ಸ್ ಕ್ಲಬ್ಬಿನಿಂದ
ಜೀಪಿನಲ್ಲಿ ಬಂದವು ಹದಿನಾಲ್ಕು ಪುಸ್ತಕ,
ಗೆದ್ದಲು ತಿಂದು ಬಿಟ್ಟಷ್ಟು.
ಪೆನ್ಷನ್ ಮೊಹಲ್ಲಾದ ನನ್ನ ಅಂಗಡಿಗೆ ಬರುವುದು
ಸೊಸೈಟಿಯ ಲೆಡ್ಜರು, ಕಾಲೇಜು ಹುಡುಗರ ಪ್ರಾಜೆಕ್ಟು,
ತಾಲ್ಲೂಕು ಕಚೇರಿಯ ಹಳೇ ದಫ್ತರು.
ಕವಿತೆ ಬಂದದ್ದು ಇದೇ ಮೊದಲು.

ಒಂದಕ್ಕೆ ಬೆನ್ನು ಮುರಿದಿತ್ತು. ಹೊಲಿಗೆ ಬಿಚ್ಚಿ
ಹಾಳೆ ಎಣಿಸುವಾಗ ಖುರ್ಷಿದ್ ಟೀಚರ್ ಬಂದರು,
ಉರ್ದು ಶಾಲೆಯಿಂದ ರಿಟೈರಾಗಿ ಹನ್ನೊಂದು ವರ್ಷ,
ಕನ್ನಡಕದ ಒಂದು ಕಾಲಿಗೆ ದಾರ.
"ಏನಿದು ದ್ಯಾವಣ್ಣ?" ಎಂದು ಎತ್ತಿಕೊಂಡವರು
ನಿಂತೇ ಓದಿದರು
ಅಂಟು ಕುದಿದು ತಳ ಹಿಡಿಯುವ ತನಕ.

ಫಾರ್ಸಿಯದಂತೆ. ಮೊದಲು ಜರ್ಮನಿಗೆ ಹೋಯಿತಂತೆ,
ಅಲ್ಲಿಂದ ಇಂಗ್ಲಿಷಿಗೆ, ಆಮೇಲೆ ಹಡಗು ಹತ್ತಿ ಇಲ್ಲಿಗೆ,
ಹೋದ ಹೋದಲ್ಲೆಲ್ಲ ಅಂಗಿ ಬದಲಿಸಿ.
"ಇಲ್ಲಿ ನೋಡು," ಬೆರಳಿಟ್ಟರು,
"ಇವನು 'ಅವಳು' ಅಂತ ಬರೆದಿದ್ದಾನೆ.
ಫಾರ್ಸಿಯಲ್ಲಿ ಅವನೂ ಇಲ್ಲ, ಅವಳೂ ಇಲ್ಲ,
ಒಂದೇ ಒಂದು 'ಊ'.
ಹೆಣ್ಣೋ ಗಂಡೋ ದೇವರೋ
ಕೇಳಬಾರದು, ಅದೇ ಮಜಾ."

ನಮ್ಮಲ್ಲಿ 'ಅವರು' ಇದೆಯಲ್ಲ ಟೀಚರ್, ಎಂದೆ.
ಅವ್ವ ಅಪ್ಪನ ಹೆಸರು ಹಿಡಿದವಳಲ್ಲ.
"ಅವರು ಬಂದ್ರಾ?" ಅಂದರೆ
ಅಪ್ಪನೋ, ಡಾಕ್ಟರಮ್ಮನೋ, ಸಾಲ ವಸೂಲಿಯವನೋ
ಅವಳ ಮುಖ ನೋಡಿ ತಿಳಿಯಬೇಕು.
ಟೀಚರ್ ಗಟ್ಟಿಯಾಗಿ ನಕ್ಕರು:
"ಜರ್ಮನಿಗೆ ಯಾಕೆ ಹೋಗಬೇಕಿತ್ತು,
ಸೀದಾ ಹಾಸನಕ್ಕೆ ಬಂದಿದ್ದರೆ ಆಗ್ತಿತ್ತು."

ಕೊನೆಯ ಖಾಲಿ ಹಾಳೆಯಲ್ಲಿ ಯಾವನೋ ತೋಟದ ದೊರೆ
ಪೆನ್ಸಿಲಿನಲ್ಲಿ ಬರೆದ ತನ್ನದೇ ನಾಲ್ಕು ಸಾಲು:
ಗುಲಾಬಿ, ಬಟ್ಟಲು, ಬುಲ್‌ಬುಲ್, ಬೆಳದಿಂಗಳು.
ಕಿಟಕಿಯಾಚೆ ಆಗ ಕಾಫಿ ಹೂ ಬಿಟ್ಟಿದ್ದರೂ ಬಿಟ್ಟಿರಬೇಕು,
ಪಿಕಳಾರ ಕೂಗಿದ್ದರೂ ಕೂಗಿರಬೇಕು.
ಅವನಿಗೆ ಕೇಳಿಸಿದಂತಿಲ್ಲ.
"ಇರಾನು ಕಂಡವನಲ್ಲ, ಪುಸ್ತಕ ಕಂಡವನು," ಎಂದರು ಟೀಚರ್.
ಸ್ವಲ್ಪ ಹೊತ್ತು ಬಿಟ್ಟು,
"ಪಾಪ, ಪ್ರಾಸ ಸರಿಯಾಗಿದೆ."
ಆ ಹಾಳೆಯನ್ನು ನಾನು ಕಿತ್ತೆಸೆಯಲಿಲ್ಲ.

ಅವರು ಹೋದರು. ಅಂಟು ಮತ್ತೆ ಕಾಸಿದೆ.
ಬೆನ್ನಿಗೊಂದು ಒಳಪಟ್ಟಿ ಬೇಕು.
ಅದಕ್ಕೆ ಹೊಸ ಕಾಗದ ಹಾಕುವವನಲ್ಲ ನಾನು,
ಕಚೇರಿಯ ರದ್ದಿ ಇರುತ್ತದೆ, ಹಳೆಯದಕ್ಕೆ ನಾರು ಜಾಸ್ತಿ.
ಕೈಗೆ ಸಿಕ್ಕಿದ್ದು ದುದ್ದ ಹೋಬಳಿಯ ಒಂದು ಪುಟ,
ಗುಮಾಸ್ತನ ದುಂಡು ಅಕ್ಷರ:

ಖುಷ್ಕಿ, ಎರಡೆಕರೆ.
ತರಿ, ಮೂವತ್ತು ಗುಂಟೆ.
ಬಾಗಾಯ್ತು, ಹನ್ನೆರಡು.
ಖರಾಬು, ನಾಲ್ಕು.

ಮೂವತ್ತೆರಡು ವರ್ಷ ಈ ಮಾತುಗಳನ್ನು ಹೊಲಿದಿದ್ದೇನೆ
ಹೊಲದ ಮಾತೆಂದುಕೊಂಡು.
ಯಾಕೋ ಇವತ್ತು ಕತ್ತರಿ ಕೆಳಗಿಟ್ಟೆ,
ಗಲ್ಲಿ ದಾಟಿ ಹೋಗಿ ಕೇಳಿದೆ.
ಟೀಚರ್ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಹೇಳಿದರು:
ಖುಷ್ಕ್ ಅಂದರೆ ಒಣಗಿದ್ದು. ಪ್ರೇಮಿಯ ತುಟಿ.
ತರ್ ಅಂದರೆ ಒದ್ದೆ. ಕಣ್ಣು.
ಬಾಗ್, ಅವರು ಬರುತ್ತೇನೆಂದ ತೋಟ.
ಖರಾಬ್...
ಮೊರದಲ್ಲಿ ಕೈ ನಿಂತಿತು.
ಖರಾಬ್ ಅಂದರೆ ಹಾಳು. ಹಾಳಾಗಲಿಕ್ಕೆಂದೇ
ಕುಡಿಯುವವರು ಕೂಡುವ ಜಾಗಕ್ಕೂ ಅದರದೇ ಹೆಸರು.
ನಿನ್ನ ಇಂಗ್ಲಿಷಿನವನು ಅದನ್ನು
ಬರೀ ಹೆಂಡದಂಗಡಿ ಮಾಡಿಬಿಟ್ಟಿದ್ದಾನೆ.

ಕಡಲಾಚೆಯವರು ಭಾಷೆಯಿಂದ ಭಾಷೆಗೆ ಬೇಲಿ ಹಾರಿ
ಅಷ್ಟು ಕಷ್ಟಪಟ್ಟು ತಲುಪಿದ ತೋಟಕ್ಕೆ
ನಮ್ಮ ಶಾನುಭೋಗ ಕೂತಲ್ಲೇ ಕಂದಾಯ ಹಾಕಿದ್ದ.

ಪುಟವನ್ನು ಉದ್ದಕ್ಕೆ ಕತ್ತರಿಸಿ, ಅಂಟು ಸವರಿ
ಬೆನ್ನಿಗೆ ಒತ್ತಿದೆ, ಬರಹ ಒಳಮುಖವಾಗಿ.
ಮೇಲೆ ರಟ್ಟು, ಕೆಂಪು ಕ್ಯಾಲಿಕೋ.
ಕ್ಲಬ್ಬಿನವರಿಗೆ ಗೊತ್ತಾಗುವುದಿಲ್ಲ,
ಗೆದ್ದಲಿಗೆ ಗೊತ್ತಾದೀತು, ಇನ್ನೊಂದು ನೂರು ವರ್ಷಕ್ಕೆ.
ಬಿಲ್ಲು ಬರೆದೆ: ಹೊಲಿಗೆ, ರಟ್ಟು, ಬಟ್ಟೆ, ಕೂಲಿ.
ಒಳಪಟ್ಟಿಗೆ ಏನೂ ಹಾಕಲಿಲ್ಲ.
ಖರಾಬಿಗೆ ಕಂದಾಯವಿಲ್ಲ.