ನಡುವಿನ ಹಾಳೆ

ಒಂದನೆಯ ಚಿತ್ರ ಅವನದು, ಇಪ್ಪತ್ತೈದನೆಯದೂ ಅವನದೇ.
ನಡುವಿನ ಇಪ್ಪತ್ತಮೂರು ನನ್ನವು.
ಕತ್ತೆ ಕಾಲೆತ್ತಿತು ಎಂದು ಅವನು ಬರೆದರೆ,
ಇಳಿಸಿತು ಎಂದೂ ಅವನೇ ಬರೆದರೆ,
ಎತ್ತಿದ್ದಕ್ಕೂ ಇಳಿಸಿದ್ದಕ್ಕೂ ನಡುವೆ
ಆ ಕಾಲು ಗಾಳಿಯಲ್ಲಿ ಎಲ್ಲೆಲ್ಲಿ ಇತ್ತು ಅನ್ನೋದು
ನನ್ನ ಹೊಟ್ಟೆಪಾಡು.

ಶಹಾಬಾದಿನಲ್ಲಿ, ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ,
ಫರಸಿ ಕಾರ್ಟೂನ್ಸ್.
ಬೋರ್ಡು ಅವನೇ ಬರೆದದ್ದು. ಅದಕ್ಕೂ ಮೊದಲು
ಊರಿನ ಅರ್ಧ ಬೋರ್ಡು ಬರೆದವನೂ ಅವನೇ,
ಪೇಂಟರ್ ಲಾಡ್ಲೇಸಾಬ.
ಖಣಿಯಲ್ಲಿ ಕಲ್ಲು ಒಡೆಯುವ ಅಪ್ಪ ಊಟಕ್ಕೆ ಕೂತಾಗ
ಕಾದ ಫರಸಿಯ ಮೇಲೆ, ನೀರದ್ದಿದ ಬೆರಳಿಂದ
ಕತ್ತೆ ಬರೆಯುತ್ತಿದ್ದನಂತೆ ಹುಡುಗ.
ಬಾಲ ಮುಗಿಯೋದರೊಳಗೆ ಕಿವಿ ಆರಿಹೋಗುತ್ತಿತ್ತು.
ಮತ್ತೆ ಬರೆದರೆ ಕಿವಿ
ಮೊದಲಿನ ಜಾಗದಲ್ಲಿ ಇರುತ್ತಿರಲಿಲ್ಲ.
"ಅವತ್ತೇ ನೋಡವ್ವ, ಅದು ಕಿವಿ ಆಡಿಸಿದ್ದು" ಅನ್ನುತ್ತಿದ್ದ.

ಕೆಳಗೆ ಗಿರಣಿ ತಿರುಗಿದರೆ ಮೇಲೆ ಮೇಜು ನಡುಗುತ್ತಿತ್ತು;
ಅದಕ್ಕೇ ನಮ್ಮ ಮೊದಮೊದಲ ಕಂತುಗಳಲ್ಲಿ
ಎಲ್ಲರಿಗೂ ಸಣ್ಣ ಚಳಿಜ್ವರ.
ಮೇ ತಿಂಗಳು, ನಲವತ್ತನಾಲ್ಕು ಡಿಗ್ರಿ,
ಫ್ಯಾನ್ ಹಾಕುವಂತಿಲ್ಲ, ಹಾಳೆ ಹಾರುತ್ತವೆ.
ಗಾಜಿನ ಕೆಳಗೆ ಟ್ಯೂಬ್‌ಲೈಟು, ಮುಂಗೈಗೆ ಒದ್ದೆ ವಸ್ತ್ರ,
ಆರು ಮಂದಿ ಉಸಿರು ಬಿಗಿಹಿಡಿದು ಬರೆಯುತ್ತಿದ್ದೆವು.
ಜೇವರ್ಗಿಯ ತಂಗೆಮ್ಮ ರಂಗೋಲಿ ಚಂದ ಹಾಕ್ತಾಳಂತ
ಯಾರೋ ಹೇಳಿದ್ದಕ್ಕೆ ನನ್ನ ಕರೆಸಿ, ಒಂದು ಗೆರೆ ಎಳೆಸಿ,
"ಕೈ ಛಲೋ ಅದ. ಅವಸರ ಜಾಸ್ತಿ" ಅಂದಿದ್ದ.

ಕಣ್ಣು ಮಿಟುಕಿಸೋದಕ್ಕೆ ಮೂರು ಹಾಳೆ.
ಸುಳ್ಳು ಹೇಳುವವನ ಕಣ್ಣಿಗೆ ಐದು.
ಇದು ಅವನು ಕಲಿಸಿದ ಮೊದಲ ಪಾಠ.
"ಸೋಮವಾರ ಪಗಾರ ಪಕ್ಕಾ" ಅಂದಾಗ
ಎಣಿಸಿದೆ. ಐದು.

ಕತ್ತೆಯ ಹೆಸರು ದೌಲತ್. ದನಿ ಅವನದೇ.
ಟೀವಿಯವರು ಬಂದು, ನೋಡಿ, ನಕ್ಕು, ಚಹಾ ಕುಡಿದು,
"ಭಾಷೆ ಸ್ವಲ್ಪ ಬದಲಿಸಿ, ಎಲ್ಲಾ ಕಡೆ ಮಕ್ಕಳಿಗೆ ತಿಳಿಯೋದಿಲ್ಲ" ಅಂದರು.
"ಕತ್ತೆ ಮಾತಾಡೋದು ತಿಳೀತದ,
ಕಲಬುರಗಿ ಕಡೆ ಕತ್ತೆ ಅಂದ್ರ ತಿಳಿಯಂಗಿಲ್ಲೇನ್ರಿ?"
ಅರ್ಧ ರೊಕ್ಕಕ್ಕೆ ಒಪ್ಪಿದ. ಮಾತು ಬದಲಿಸಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತೂವರೆ, ಹನ್ನೊಂದು ನಿಮಿಷ.
ಊರಲ್ಲಿ ಕರೆಂಟು ಹೋಗೋದು ಒಂಬತ್ತಕ್ಕೇ.
ಗಿರಣಿಯವರು, ಖಣಿಯವರು, ಓಣಿಯ ಹುಡುಗರು,
ಪ್ಲಾಟ್‌ಫಾರಂ ಟಿಕೀಟು ಕೊಂಡವಳು ತಾನೊಬ್ಬಳೇ ಎಂದು
ಅದನ್ನು ಗಟ್ಟಿಯಾಗಿ ಹಿಡಿದ ಅವನ ಅಮ್ಮಿ,
ಎಲ್ಲರೂ ಸ್ಟೇಷನ್ನಿಗೆ ನಡೆದೆವು. ರೈಲ್ವೆಯ ಕರೆಂಟು ರೈಲ್ವೆಯದು.
ವೇಟಿಂಗ್ ರೂಮಿನ ಟೀವಿಯಲ್ಲಿ ದೌಲತ್ ಬಾಯಿ ತೆರೆದ,
ಸೊಲ್ಲಾಪುರ ಪ್ಯಾಸೆಂಜರ್ ತಡವೆಂದು
ಮೂರು ಭಾಷೆಯಲ್ಲಿ ಮೈಕು ಕೂಗಿತು.
ಒಂದು ಮಾತೂ ಕೇಳಲಿಲ್ಲ.
ಆದರೂ ಅದು ಕಿವಿ ಆಡಿಸಿದಾಗ
(ಹದಿನಾಲ್ಕರಿಂದ ಹತ್ತೊಂಬತ್ತು, ಆ ಕಿವಿ ನನ್ನದು)
ಖಣಿಯ ಮುದುಕನೊಬ್ಬ ತಂಬಾಕು ಉಗುಳೋದು ಮರೆತು ನಕ್ಕ.
ಲಾಡ್ಲೇಸಾಬ ಟೀವಿ ನೋಡಲಿಲ್ಲ,
ಆ ಮುದುಕನನ್ನೇ ನೋಡುತ್ತಿದ್ದ.

ಎಪ್ಪತ್ತೆರಡು ಕಂತು. ಆಮೇಲೆ
ಎಲ್ಲಿಂದಲೋ ಅಗ್ಗದವು ಬಂದವು.
ಈಗ ನಡುವಿನ ಹಾಳೆ ಕಂಪ್ಯೂಟರೇ ಹಾಕುತ್ತದಂತೆ,
ಅದಕ್ಕೆ ಉಸಿರು ಬಿಗಿಹಿಡಿಯೋ ತ್ರಾಸಿಲ್ಲ.
ಗಿರಣಿಯ ಬೋರ್ಡು ಹೊಸದಾಗಿ ಬರೆದುಕೊಟ್ಟು
ಬಾಡಿಗೆ ತೀರಿಸಿದ. ನನ್ನ ಐದು ತಿಂಗಳ ಪಗಾರಕ್ಕೆ
ಗಾಜಿನ ಮೇಜು, ಒಂದು ಲಕೋಟೆ.

ಅವನು ಹೋಗಿ ಎರಡು ಉರುಸು ಆಯಿತು.
ಲಕೋಟೆಯಲ್ಲಿ ಎರಡೇ ಹಾಳೆ.
ಒಂದು: ಖಣಿಯ ಅಂಚಿನಲ್ಲಿ ದೌಲತ್, ಬೆನ್ನ ಮೇಲೆ ಕಲ್ಲು.
ಇಪ್ಪತ್ತೈದು: ಖಣಿಯ ಅಂಚು, ನೆಲದ ಮೇಲೆ ಕಲ್ಲು.
ಮೂಲೆಯಲ್ಲಿ ಪೆನ್ಸಿಲು: "ತಂಗೆಮ್ಮ, ಅವಸರ ಬ್ಯಾಡ."

ರಾತ್ರಿ ಮೇಜಿನ ದೀಪ ಹಚ್ಚಿ ಕೂರುತ್ತೇನೆ.
ಹನ್ನೊಂದರವರೆಗೆ ಬಂದಿದ್ದೇನೆ.
ಕಲ್ಲು ಇಳಿದಿದೆ. ಎಡಗಾಲು ಎದ್ದಿದೆ,
ಯಾವ ಕಡೆಗೆ ಅಂತ ಇನ್ನೂ ಬರೆದಿಲ್ಲ.
ಫ್ಯಾನ್ ಆರಿಸಿದ್ದೇನೆ.