ನಕ್ಷತ್ರ ಹಾಕಿದ ಹಲ್ಲು

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ, ಮಹಡಿ ಮೇಲೆ,
ಕಟ್ಟುಹಲ್ಲು ಮಾಡುವವನು ನಾನು.
ಅಚ್ಚಿನ ಪ್ಲಾಸ್ಟರ್ ಬಿಗಿಯಲು ನಲವತ್ತು ನಿಮಿಷ.
ಆ ನಲವತ್ತು ನಿಮಿಷಕ್ಕೆ ಜಪಾನಿ ಪದಕೋಶ.
ಯಾಕೆಂದು ಕೇಳಬೇಡಿ. ಕೆಲವರು ಇಸ್ಪೀಟು ಆಡುತ್ತಾರೆ.

ಹ ಎಂದರೆ ಹಲ್ಲು.
ಅದರ ಮಗ್ಗುಲಲ್ಲಿ ಹಿಂದಕ್ಕೆ ತೋರುವ ಬಾಣ,
ಬಾಣದ ತುದಿಗೆ ಒಂದು ನಕ್ಷತ್ರ, ಆಮೇಲೆ ಪ.
ನಕ್ಷತ್ರದ ಅರ್ಥ ಮುನ್ನುಡಿಯಲ್ಲಿದೆ:
ಇದನ್ನು ಯಾರೂ ಬರೆದಿಟ್ಟಿಲ್ಲ, ಕೇಳಿದವರು ಉಳಿದಿಲ್ಲ;
ಮೊಮ್ಮಕ್ಕಳ ಮುಖ ನೋಡಿ ಅಜ್ಜಿಯ ಮೂಗು ಬಿಡಿಸಿದ ಹಾಗೆ.

ನನಗಿದು ಗೊತ್ತಿರುವ ಕೆಲಸ.
ಬರೀ ಒಸಡು ತೋರಿಸುತ್ತಾರೆ ಜನ;
ಹಲ್ಲು ಹೇಗಿತ್ತೆಂದು ನಾನೇ ಊಹಿಸಬೇಕು.
ಮದುವೆಯ ಫೋಟೋ ತನ್ನಿ ಎಂದರೆ
ಅದರಲ್ಲಿ ಬಾಯಿ ಮುಚ್ಚಿಕೊಂಡಿರುತ್ತಾರೆ.

ಹನ, ಹೂವು. ನಕ್ಷತ್ರ, ಪನ.
ಹಹ, ಅಮ್ಮ. ನಕ್ಷತ್ರ, ಪಪ.
ಒಂದಾನೊಂದು ಕಾಲಕ್ಕೆ ಅಲ್ಲಿನ ಮಕ್ಕಳು
ಅಮ್ಮನನ್ನು ಕರೆಯಲು ಎರಡು ಸಲ ತುಟಿ ಸೇರಿಸಬೇಕಿತ್ತು.
ಈಗ ಉಸಿರೊಂದೇ ಸಾಕು.
ಶಿಕಾರಿಪುರದ ಕಡೆಯ ಕಲ್ಲಿನಲ್ಲಿ ಪಳ್ಳಿ,
ಅದೇ ದಾರಿಯ ಬಸ್ಸಿನ ಬೋರ್ಡಿನಲ್ಲಿ ಹಳ್ಳಿ.
ನೆಂಟಸ್ತನವಲ್ಲ, ಹುಡುಕಬೇಡಿ;
ತುಟಿಯ ಸೋಮಾರಿತನ ಎಲ್ಲ ಊರಲ್ಲೂ ಒಂದೇ.

ದಕ್ಷಿಣದ ದೂರದ ದ್ವೀಪಗಳಲ್ಲಂತೂ
ಹೂವು ಇವತ್ತಿಗೂ ಪನ. ಅಲ್ಲಿ ನಕ್ಷತ್ರ ಬೇಡ.
ನಮ್ಮ ದ್ವೀಪ ಆಗುಂಬೆ ಘಾಟಿಯ ಕೆಳಗಿದೆ.
ಅಲ್ಲಿಂದ ಬಂದವರು ಅಪ್ಪಿ ಶೆಡ್ತಿ, ಎಂಬತ್ತೆರಡು ವರ್ಷ,
ಬಸ್ ಸ್ಟ್ಯಾಂಡಿನ ಹೋಟೆಲ್ಲಿನ ಮಗ ಕೈಹಿಡಿದು ಹತ್ತಿಸಿದ.
ಅಳತೆ ತೆಗೆಯುತ್ತ ಕೇಳಿದೆ: ತುಳುವಿನಲ್ಲಿ ಹೂವಿಗೆ?
ಪೂ.
ಹುಲಿಗೆ?
ಪಿಲಿ. ಈ ಅಕ್ಷರಕ್ಕೆ ಹಲ್ಲಿನ ಹಂಗಿಲ್ಲ,
ಬೋಳು ಬಾಯಲ್ಲೂ ಪಟ್ಟೆಂದು ಒಡೆಯಿತು.
ಹಲ್ಲಿಗೆ? ಎಂದೆ, ಬಾಣ ಹೂಡಿ ಕೂತವನ ಹಾಗೆ.
ಕೂಲಿ, ಎಂದರು.
ಮುಂಗಡ ಬಂದಿದೆಯಲ್ಲ, ಉಳಿದದ್ದು ಆಮೇಲೆ, ಎಂದೆ.
ಮಗ ನಕ್ಕ: ಹಲ್ಲಿಗೇ ಸ್ವಾಮಿ ಕೂಲಿ ಅನ್ನೋದು.

ಬಾಣ ಗೋಡೆಗೆ ನಾಟಿತು. ಪದಕೋಶ ಮುಚ್ಚಿಟ್ಟೆ, ಒಂದೆರಡು ದಿನ.

ಹದಿನೈದು ದಿನ ಬಿಟ್ಟು ಹಲ್ಲು ಕೂರಿಸಿದೆ.
ಐವತ್ತೈದು ಅನ್ನಿ, ಅರವತ್ತಾರು ಅನ್ನಿ,
ಇದು ಎಲ್ಲರಿಗೂ ಕೊಡುವ ಪರೀಕ್ಷೆ.
ಅವರು ಏನೂ ಅನ್ನಲಿಲ್ಲ.
ಕನ್ನಡಿ ಹಿಡಿದು ತುಂಬ ಹೊತ್ತು ನೋಡಿದರು,
ನಾನು ಅಂದಾಜಿನಲ್ಲಿ ಎಬ್ಬಿಸಿದ ಕೆನ್ನೆ, ಮೇಲ್ದುಟಿ.
ಆಮೇಲೆ ತುಟಿ ಒತ್ತಿ, ಬಿಟ್ಟು,
ಅಪ್ಪೆ, ಎಂದರು ಕನ್ನಡಿಗೆ.

ಮಗ ಈ ಸಲ ನಗಲಿಲ್ಲ.
ಅಜ್ಜಿಯ ಫೋಟೋ ನಮ್ಮಲ್ಲಿ ಒಂದೂ ಇಲ್ಲ, ಎಂದ.