ಚೀಟಿಯ ಬೆನ್ನು

ವೀಕ್ಲಿ ಆಫ್ ದಿನವೂ ನಾನು ಬಸ್ಸು ಹತ್ತುತ್ತೇನೆ,
ಇಲ್ಲವೇ ರೈಲು.
ಡಿಪೋದಲ್ಲಿ ನಗುತ್ತಾರೆ:
'ಏನ್ರೀ ವಾರಿಜಾಕ್ಷಿ, ಮೀನು ರಜೆ ಹಾಕಿ
ಈಜೋಕೆ ಹೋಯ್ತಂತೆ?'
ಹೋಗಲಿ.
ಟಿಕೆಟ್ ಕೊಡದ ಕೈ ಸುಮ್ಮನೆ ಕಂಬಿ ಹಿಡಿದಾಗ
ಅದೇ ಊರು ಬೇರೆ ಊರು.

ಹದಿನಾಲ್ಕು ವರ್ಷ ಮೆಜೆಸ್ಟಿಕ್ಕಿಂದ ಕಾಡುಗೋಡಿ,
ಕಾಡುಗೋಡಿಯಿಂದ ಮೆಜೆಸ್ಟಿಕ್ಕು.
ದೊಮ್ಮಲೂರು ಬಂತೆಂದು ಕಣ್ಣು ಹೇಳಬೇಕಿಲ್ಲ,
ಎಡಮಂಡಿ ಹೇಳುತ್ತದೆ.
ಡ್ರೈವರ್ ಪಿಳ್ಳಾಂಜಿನಪ್ಪ ಬ್ರೇಕು ಒತ್ತುವ ಮೊದಲೇ
ಬೆನ್ನು ತಾನಾಗಿ ಕಂಬಿಗೆ ಆನಿಕೊಂಡಿರುತ್ತದೆ.

ವರ್ಷಕ್ಕೊಂದು ಪರಊರು ಕೂಡ.
ದೇವಸ್ಥಾನ ನೋಡಲಿಲ್ವಾ, ಸಮುದ್ರ ನೋಡಲಿಲ್ವಾ,
ಅತ್ತಿಗೆ ಕೇಳುತ್ತಾಳೆ.
ನೋಡಿದೆ, ಕಿಟಕಿಯಿಂದ.
ಮುಂಬಯಿ ಲೋಕಲ್ಲಿನಲ್ಲಿ ಯಾವಳೋ ಹೆಗಲು ತಟ್ಟಿ
ಎಲ್ಲಿ ಇಳಿಯುತ್ತೀಯೆಂದಳು. ಹೇಳಿದೆ.
ಅಷ್ಟಕ್ಕೇ ನನ್ನ ಸೀಟು ಅವಳದಾಯಿತು,
ಬಾಯಿಮಾತಿನ ಕ್ರಯಪತ್ರ.
ನಮ್ಮಲ್ಲಾದರೆ ಕರ್ಚೀಫು ಹಾಕಬೇಕು.
ಚೆನ್ನೈಯಲ್ಲಿ ನಿದ್ದೆ ಬಂತು,
ಆ ಊರಿನ ಬಗ್ಗೆ ಏನೂ ಹೇಳಲಾರೆ.

ಕೊಲ್ಕತ್ತಾದ ಟ್ರಾಮು ಮಾತ್ರ,
ನಡೆಯುವವರೇ ಅದನ್ನು ದಾಟಿ ಹೋಗುವಷ್ಟು ಮೆಲ್ಲಗೆ.
ಕಂಡಕ್ಟರು ಚೀಟಿಗಳ ಕಟ್ಟನ್ನು ಉಗುರಲ್ಲಿ ಚರ್ರನೆ ಎಳೆದು
ಕಾಸು ಕೇಳುತ್ತಿದ್ದ, ಬಾಯಿಂದಲ್ಲ.
ಅವನಿಗೆ ಕನ್ನಡ ಬಾರದು, ನನಗೆ ಬಂಗಾಳಿ.
ಚೀಲ ತೂಗಿ ತೂಗಿ ಒಂದು ಕಡೆ ಇಳಿದಿದ್ದ ಅವನ ಹೆಗಲು ನೋಡಿ
ನನ್ನ ಹೆಗಲು ತೋರಿಸಿದೆ.
'ಸ್ಟಾಫ್?' ಅಂದ.
'ಸ್ಟಾಫ್' ಅಂದೆ.
ಕಾಸು ತೆಗೆದುಕೊಳ್ಳಲಿಲ್ಲ.

ಆ ಟ್ರಾಮಿನಲ್ಲೂ ನಾನೊಂದು ಮುಖ ಹುಡುಕಿದೆನೆಂದರೆ
ನಗುತ್ತೀರಿ.

ಚಿಲ್ಲರೆ ಇಲ್ಲದಾಗ ಚೀಟಿಯ ಬೆನ್ನಿಗೆ ಬರೆದುಕೊಡುವುದು ರೂಢಿ:
ಮೂರು, ಎಂಟು, ಹದಿಮೂರು.
ಇಳಿಯುವಾಗ ಮರೆಯುತ್ತಾರೆ.
ಆ ದುಡ್ಡು ಎಲ್ಲಿಗೆ ಹೋಗುತ್ತದೆಂದು ಕೇಳಬೇಡಿ.
ಹೋಗುತ್ತದೆ. ಟೀ ಆಗುತ್ತದೆ, ಬನ್ನಾಗುತ್ತದೆ.
ಒಂದು ಸಂಜೆ, ಎಕ್ಸ್‌ರೇ ಕವರು ಎದೆಗೊತ್ತಿಕೊಂಡು ಹತ್ತಿದವಳು
ಐನೂರರ ನೋಟು ಕೊಟ್ಟಳು.
ಹಿಂದೆ ಬರೆದೆ: ನಾನೂರ ಎಂಬತ್ತೈದು.
ಕೋಡಿಹಳ್ಳಿ ಆಸ್ಪತ್ರೆ ಸ್ಟಾಪಿನಲ್ಲಿ
ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದಳು.
ರೈಟ್ ಅಂದುಬಿಟ್ಟಿದ್ದೆ. ಬಾಯಿಗೆ ಅಭ್ಯಾಸ.
ಅದು ಟೀ ಆಗಲಿಲ್ಲ.
ಪರ್ಸಿನ ಒಳಜೇಬಿನಲ್ಲಿ ನೋಟುಗಳು ಬದಲಾದವು,
ಲೆಕ್ಕ ಬದಲಾಗಲಿಲ್ಲ.
ಈಗ ಹೆಂಗಸರಿಗೆ ಸೊನ್ನೆ ರೂಪಾಯಿಯ ಚೀಟಿ,
ಗಂಡಸರದು ಫೋನಿನ ಬೀಪು.
ಯಾರಿಗೂ ಯಾರ ಬಾಕಿಯೂ ಇಲ್ಲ.

ಈವತ್ತು ಮೆಟ್ರೊ.
ನನ್ನದೇ ಕಾಡುಗೋಡಿಗೆ, ಮೇಲಿನಿಂದ.
ನಿಲ್ದಾಣ ಹೇಳುವ ಹೆಣ್ಣುದನಿಗೆ ನೆಗಡಿಯಾಗುವುದಿಲ್ಲ,
ಮುಂದೆ ಹೋಗ್ರೀ ಎಂದು ಯಾರನ್ನೂ ಗದರುವುದಿಲ್ಲ.
ಬಾಗಿಲು ತಾನೇ ಮುಚ್ಚುತ್ತದೆ,
ಓಡಿ ಬಂದವನ ಮೂಗಿನೆದುರೇ.
ಚೆನ್ನಾಗಿದೆ. ತಣ್ಣಗಿದೆ.
ಪಕ್ಕದ ಹುಡುಗ ನಿದ್ದೆ ಹೋದ;
ಇಳಿದ ನನ್ನ ಹೆಗಲು ಅವನ ತಲೆಗೆ ಸರಿಯಾಗಿ ಹೊಂದಿತು.

ಹೋಪ್ ಫಾರಂ ಹತ್ತಿರ ಕೆಳಗೆ ನೋಡಿದರೆ
ಸಿಗ್ನಲ್ಲಿಗೆ ನಿಂತ ನನ್ನ ಬಸ್ಸಿನ ತಲೆ.
ಇಷ್ಟು ವರ್ಷ ಹೊಟ್ಟೆಯೊಳಗಿದ್ದವಳು
ತಲೆ ನೋಡಿದ್ದು ಇದೇ ಮೊದಲು:
ತುಕ್ಕಿನ ಮಚ್ಚೆ, ಒಂಟಿ ಹವಾಯಿ ಚಪ್ಪಲಿ,
ಯಾವ ರಸ್ತೆಯ ಮರ ಮುಡಿಸಿತ್ತೋ, ಬಾಡಿದ ಗುಲಾಬಿ ಬಣ್ಣದ ಹೂಗಳು.
ನನಗೊಂದು ಮಾತೂ ಹೇಳದೆ
ಮುಡಿದುಕೊಂಡು ತಿರುಗಿದೆ.

ಹಿಂಬಾಗಿಲ ಬಳಿಯ ಕಿಟಕಿಯಿಂದ
ಒಂದು ಕೈ ಹೊರಗೆ ಚಾಚಿತ್ತು,
ಬಳೆ, ಬೆರಳ ನಡುವೆ ಬಿಳಿ ಚೂರು.
ಚೀಟಿಯೇ ಇರಬೇಕು.
ಬಿಸಾಡುವುದಕ್ಕೋ, ತೋರಿಸುವುದಕ್ಕೋ.

ಹುಡುಗ ತಲೆ ಜಾರಿ ಎಚ್ಚೆತ್ತ.
ಇಡೀ ಬೋಗಿ ತಿರುಗಿ ನೋಡಿತು,
ಎದ್ದು ನಿಂತು ಗಾಜಿಗೆ ಕೈ ಬಡಿದು
'ಓಲ್ಡಾನ್!' ಎಂದವಳನ್ನು.

ಮುಂದಿನ ನಿಲ್ದಾಣ ಕಾಡುಗೋಡಿ,
ಎಂದಿತು ದನಿ.